ಅಂದಾನಪ್ಪನ ಜೋಡುನಳಿಗೆ

ಅಂದಾನಪ್ಪನ ಜೋಡುನಳಿಗೆ ಹಾರಿದ ದಿನ ಘಟಪ್ರಭಾ ಹೊಳೆ ಅರ್ಧ ತಾಸು ಹರಿಯುವುದನ್ನು ಬಿಟ್ಟು ಕಿವಿಗೊಟ್ಟು ನಿಂತಿತ್ತು. ಬಾದಾಮಿಯ ಗುಡ್ಡದ ಮಂಗಗಳು ಆ ಸಪ್ಪಳಕ್ಕೆ ಕೈಕಾಲು ಬಿಟ್ಟು, ಬಡಿದ ಹುಣಸೆಕಾಯಿಯಂತೆ ಹೊಂಡದೊಳಗೆ ಪಟಪಟ ಉದುರಿದವು. ಇಳಕಲ್ಲಿನಲ್ಲಿ ಮಗ್ಗದ ಮೇಲಿದ್ದ ಒಂದು ಸೀರೆಯ ಕೆಂಪು ಸೆರಗು ಗಾಬರಿಯಿಂದ ಬಿಳಿಚಿಕೊಂಡಿತು. ಆ ಸೀರೆಯನ್ನು ಇಂದಿಗೂ ಯಾರೂ ಕೊಂಡಿಲ್ಲ. ನಂಬದವರು ಮಂಗಗಳನ್ನು ಕೇಳಬಹುದು. ಈ ಕಥೆ ಹೇಳುವವನು ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ಹೇಳಿದ್ದರೆ ಸೀರೆ ವ್ಯಾಪಾರದಲ್ಲಿ ಹೇಳಿರಬಹುದು, ಅದು ಲೆಕ್ಕಕ್ಕಿಲ್ಲ.

ಊರ ಹೆಸರು ಬೇಡ. ಬಾಗಲಕೋಟೆಯಿಂದ ಕಲಾದಗಿ ಬಸ್ಸು ಹತ್ತಿದರೆ ನಡುವೆ ಎಲ್ಲೋ ಇಳಿಯಬೇಕು, ಇಷ್ಟು ತಿಳಿದಿದ್ದರೆ ಸಾಕು. ಬಿಡಾಡಿ ದನಕರುಗಳನ್ನು ಹಿಡಿದು ಕೂಡಿಹಾಕಲು ಆ ಊರಲ್ಲಿ ಒಂದು ಕೊಂಡವಾಡ. ಅದಕ್ಕೆ ಅಂದಾನಪ್ಪ ಪಂಚಾಯ್ತಿಯ ಕಾರಕೂನ. ಆಳು ಐದಡಿ. ದಂಡ ಕಟ್ಟಿಸಿಕೊಂಡು ದನ ಬಿಡುವುದು ಅವನ ಕೆಲಸ, ದಂಡ ಕಟ್ಟಬೇಕಾದವರಿಂದ ಬೈಸಿಕೊಳ್ಳುವುದು ಅದರ ಜೊತೆಗೆ ಬಂದ ಕೆಲಸ.

ಒಂದು ದಿನ ಕುರಿಗಾರ ಅಮಸಿದ್ದಪ್ಪನ ಟಗರು ಪೋಸ್ಟ್ ಮಾಸ್ತರರ ಹಿತ್ತಲಿನ ಮೆಂತ್ಯೆಯನ್ನು ಬೇರು ಸಹಿತ ಮುಗಿಸಿ ಕೊಂಡವಾಡ ಸೇರಿತು. ಅಮಸಿದ್ದಪ್ಪ ಬಂದ. ಅವನಿಗಿಂತ ಮುಂಚೆ ಅವನ ಕೋಲು ಬಂತು.

"ಲೇ ಅಂದಾನ್ಯಾ, ನನ್ನ ಟಗರ ಬಿಡ್ತೀಯೋ, ಗ್ವಾಡಿ ಕೆಡವಲ್ಯೋ?"

"ದಂಡ ಕಟ್ಟು, ಹೊಡಕೊಂಡ ಹೋಗು."

"ದಂಡಾ? ಈ ಕೋಲ ಕಾಣವಲ್ದೇನು ನಿನಗ?"

ಕೋಲು ಚೆನ್ನಾಗಿಯೇ ಕಾಣುತ್ತಿತ್ತು. ಅಂದಾನಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಸರಿದ ಸಂಗತಿ ತಿಳಿಯಬಾರದೆಂದು ದನಿ ಏರಿಸಿದ. "ನಮ್ಮ ಮನ್ಯಾಗ ಅಜ್ಜನ ಕಾಲದ ಜೋಡನಳಗಿ ಐತಿ, ನೆನಪಿಟ್ಕೋ! ಗ್ವಾಡಿಗೆ ತೂಗ ಹಾಕೇನಿ. ಅದನ್ನ ಕೆಳಗ ಇಳಸೂ ಹಂಗ ಮಾಡಬ್ಯಾಡ!"

ಅಮಸಿದ್ದಪ್ಪ ಕೋಲು ಇಳಿಸಿದ. ದಂಡ ಕಟ್ಟಿದ. ಟಗರು ಹೊಡೆದುಕೊಂಡು ಹೋಗುವಾಗ ಎರಡು ಸಲ ತಿರುಗಿ ನೋಡಿದ. ಟಗರು ಒಂದು ಸಲ ನೋಡಿತು.

ಇಲ್ಲಿ ಒಂದು ಮಾತು. ಅಂದಾನಪ್ಪ ಹೇಳಿದ್ದರಲ್ಲಿ ಸುಳ್ಳೆಂಬುದು ಇರಲಿಲ್ಲ. ಅವನ ಅಜ್ಜ ಬಾಗಲಕೋಟೆಯಲ್ಲಿದ್ದಾಗ, ಹೋಳಿಹಬ್ಬದ ಬಣ್ಣದ ಬಂಡಿ ಏರಿ ಎದುರು ಪೇಟೆಯವರನ್ನು ತೋಯಿಸಲೆಂದು ಒಂದು ಹಿತ್ತಾಳೆಯ ಪಿಚಕಾರಿ ಮಾಡಿಸಿದ್ದ. ಎರಡು ಮೊಳ ಉದ್ದ, ಒತ್ತೊತ್ತಿಗೆ ಎರಡು ಕೊಳವೆ. ಮನೆಯವರು ಅದನ್ನು ಜೋಡುನಳಿಗೆ ಎಂದೇ ಕರೆಯುತ್ತಿದ್ದರು. ಅಜ್ಜ ಸತ್ತ ಮೇಲೆ ಅದು ಖಾಕಿ ಬಟ್ಟೆ ಸುತ್ತಿಕೊಂಡು ಪಡಸಾಲೆಯ ಗೂಟಕ್ಕೆ ತೂಗಿಬಿದ್ದಿತ್ತು. 'ಬಂದೂಕು' ಎಂಬ ಶಬ್ದವನ್ನು ಅಂದಾನಪ್ಪ ಒಮ್ಮೆಯೂ ಆಡಲಿಲ್ಲ. ಆಡಿದವನು ಅಮಸಿದ್ದಪ್ಪ. ಅವನು ಚಹಾದಂಗಡಿಯಲ್ಲಿ ಆಡಿದ, ಹಿಟ್ಟಿನ ಗಿರಣಿಯಲ್ಲಿ ಆಡಿದ, ಕಡೆಗೆ ಬಸ್ಸಿನಲ್ಲಿ ಪಕ್ಕ ಕುಳಿತ ಒಬ್ಬ ಅಪರಿಚಿತನ ಮುಂದೆಯೂ ಆಡಿದ.

ಆ ಅಪರಿಚಿತ ಇಳಕಲ್ಲಿನ ಈರಪ್ಪ. ನಲವತ್ತು ಮಗ್ಗದ ಧಣಿ. ಅಂದಾನಪ್ಪನ ಮಗಳನ್ನು ತನ್ನ ಮಗನಿಗೆ ನೋಡಲು ಬರುತ್ತಿದ್ದ.

ಮನೆಗೆ ಬಂದ ಈರಪ್ಪ ಹುಡುಗಿಯನ್ನು ನೋಡಲಿಲ್ಲ, ಗೂಟವನ್ನು ನೋಡಿದ. ಹುಡುಗಿ ಅವಲಕ್ಕಿ ಇಟ್ಟು, ಕಾಲು ಬಿದ್ದು, ಒಳಗೆ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಬೀಗರ, ಅದು... ಜೋಡನಳಗೀನ ಹೌದಲ್ರಿ?"

"ಹೌದ್ರಿ. ಅಜ್ಜನ ಕಾಲದ್ದು."

"ವಿಲಾಯ್ತಿ ಮಾಲೇನ್ರಿ?"

"ಅಲ್ರಿ, ಬಾಗಲಕೋಟಿ ಮಾಲು."

ಎಂಥ ವಿನಯ ಎಂದುಕೊಂಡ ಈರಪ್ಪ. "ಹಾರಿಸಿದ್ದೈತ್ರಿ?"

"ನಮ್ಮಜ್ಜ ಹಾರಸ್ತಿದ್ದ. ಒಂದ ಸಲ ಹಾರಿಸಿದ್ರ ಹನ್ನೆರಡ ಮಂದಿ ಕೆಂಪಗಾಗತಿದ್ರಂತ."

ಈರಪ್ಪ ಚಹಾದ ಬಸಿ ಕೆಳಗಿಟ್ಟು, ಗೂಟದಿಂದ ಒಂದು ಮೊಳ ದೂರ ಸರಿದು ಕುಳಿತ. ಬೀಗರನ್ನು ಸುಮ್ಮನೆ ಕಳಿಸಬಾರದೆಂದು ಅಂದಾನಪ್ಪ ಇನ್ನೊಂದು ನಿಜ ಸೇರಿಸಿದ: "ಹೆಂಗಸ್ರ ಸುದ್ದಿಗೆ ಮಾತ್ರ ಹೋಗತಿದ್ದಿಲ್ರಿ. ಮರ್ಯಾದಸ್ತ."

ಆ ದಿನ ವರದಕ್ಷಿಣೆಯ ಮಾತೇ ಏಳಲಿಲ್ಲ. ಹನ್ನೆರಡು ಜನರನ್ನು ಒಂದೇ ಏಟಿಗೆ ಕೆಂಪಗೆ ಮಾಡಿದ ಮನೆತನದ ಮುಂದೆ ಕುಳಿತು ಬಂಗಾರ ಎಷ್ಟು ತೊಲಿ ಎಂದು ಯಾರು ಕೇಳುತ್ತಾರೆ? ಈರಪ್ಪ ಕೇಳಿದ್ದು ಒಂದೇ. "ನಮ್ಮ ಹುಡುಗನ ಮೆರವಣಿಗ್ಯಾಗ ಎರಡ ಸಲ ಹಾರಸ್ರಿ. ಇಳಕಲ್ಲ ಮಂದಿ ಕೇಳಿರಬೇಕು. ಮತ್ತೇನೂ ಬ್ಯಾಡ್ರಿ ನಮಗ."

ಅಂದಾನಪ್ಪ ಆಗಲಿ ಎಂದುಬಿಟ್ಟ. ಲಗ್ನ ಇನ್ನೂ ನಾಲ್ಕು ತಿಂಗಳು ದೂರ ಇತ್ತು. ನಾಲ್ಕು ತಿಂಗಳಲ್ಲಿ ಏನಾದರೂ ಆದೀತು ಎಂಬುದು ಅವನ ನಂಬಿಕೆ. ಆಯಿತು. ಇಲೆಕ್ಷನ್ನು ಬಂತು.

ಅದು ಎಂಬತ್ತೆರಡರ ಡಿಸೆಂಬರ್. ಹೊಸ ವರ್ಷಕ್ಕೆ ಮತದಾನ. ಡಂಗುರದವನು ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿದ: "ಕೇಳ್ರೆಪೋ ಕೇಳ್ರಿ! ಮನ್ಯಾಗ ಬಂದೂಕ ಇದ್ದವ್ರು ಮೂರ ದಿನದಾಗ ಠಾಣೇಕ ತಂದ ಜಮಾ ಮಾಡಬೇಕ್ರೆಪೋ! ಮುಚ್ಚಿಟ್ಟವ್ರನ್ನ ಹಿಡದ ಒಳಗ ಹಾಕತಾರ್ರೆಪೋ!"

ಬೇರೆ ಮನೆಗಳ ಮುಂದೆ ಒಂದು ಸಲ ಕೂಗಿದವನು ಅಂದಾನಪ್ಪನ ಮನೆಯ ಮುಂದೆ ಮೂರು ಸಲ ಕೂಗಿ, ಗೂಟದ ಕಡೆ ಇಣುಕಿ, ಮುಂದೆ ಹೋದ.

ಹೆಂಡತಿ ಇಂದ್ರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅದು ಪಿಚಕಾರಿ ಅಂತ ಹೇಳಿ ಮುಗಸ್ರಿ."

"ಬೀಗರು ಮುರಕೊಂಡ ಹೋದ್ರ?"

"ಹಂಗಾರ ಜೇಲಿಗೆ ಹೋಗ್ರಿ. ಲಗ್ನದ ಹೊತ್ತಿಗೆ ಬಿಟ್ಟಾರು."

ಅಂದಾನಪ್ಪ ಮೂರನೆಯ ದಾರಿ ಹುಡುಕಿದ. ಖರೇ ಬಂದೂಕು ಒಂದನ್ನು ಕೊಂಡರಾಯಿತು. ಕೊಂಡು, ಠಾಣೆಗೆ ಕೊಟ್ಟು, ಇಲೆಕ್ಷನ್ ಮುಗಿದ ಮೇಲೆ ಬಿಡಿಸಿ ತಂದು, ಮೆರವಣಿಗೆಯಲ್ಲಿ ಎರಡು ಸಲ ಹಾರಿಸಿ, ಮಾರಿಬಿಡುವುದು. ಪೊಲೀಸರಿಗೆ ಕೊಡುವುದಕ್ಕೆಂದೇ ಬಂದೂಕು ಕೊಳ್ಳಲು ಹೊರಟ ಮನುಷ್ಯ ಈ ದೇಶದಲ್ಲಿ ಅವನೊಬ್ಬನೇ ಇರಬೇಕು. ಎಮ್ಮೆ ಮಾರಿ ಉಳಿದಿದ್ದ ಮುನ್ನೂರ ಹತ್ತು ರೂಪಾಯಿ ಅಂಡರ್‌ವೇರಿನ ಕಿಸೆಗೆ ಸೇರಿದವು. ಮರುದಿನ ಬೆಳಿಗ್ಗೆ ಬಾದಾಮಿಯ ಬಸ್ಸು ಹಿಡಿದ.

ಬಾದಾಮಿಯ ಇಬ್ರಾಹಿಂಸಾಬ ಬಂದೂಕು ರಿಪೇರಿ ಮಾಡುವವನು, ಮಾರುವುದಕ್ಕೂ ಸರಕಾರದ ಪರವಾನಗಿ ಪಡೆದವನು. ಗಿರಾಕಿಗಳು ವರ್ಷಕ್ಕೆ ಇಬ್ಬರೋ ಮೂವರೋ. ಅದಕ್ಕೇ ಅಂಗಡಿಯ ಮುಂಭಾಗದಲ್ಲಿ ಸ್ಟೋವ್ ರಿಪೇರಿಯೂ ನಡೆಯುತ್ತಿತ್ತು. ಅಂದಾನಪ್ಪ ಒಳಗೆ ಹೋಗಿ ದನಿ ತಗ್ಗಿಸಿದ.

"ಒಂದು ಬಂದೂಕು ಬೇಕಾಗಿತ್ರಿ ಸಾಬ್ರ. ಭಾಳ ತುಟ್ಟಿದು ಬ್ಯಾಡ."

"ಯಾತಕ್ಕ ಬೇಕ್ರಿ? ಹಂದಿ ಹೊಡ್ಯಾಕೋ, ಹೊಲ ಕಾಯಾಕೋ?"

"ಠಾಣೇಕ ಕೊಡಾಕ."

ಇಬ್ರಾಹಿಂಸಾಬ ಕನ್ನಡಕ ಏರಿಸಿ ಒಮ್ಮೆ ನೋಡಿದ. ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಗಿರಾಕಿ ಬಂದಿರಲಿಲ್ಲ. ಆದರೂ ವ್ಯಾಪಾರ ವ್ಯಾಪಾರವೇ. ಗೋಡೆಯಿಂದ ಒಂದನ್ನು ಇಳಿಸಿದ. ಎಣ್ಣೆ ಕುಡಿದು ಫಳಫಳ ಹೊಳೆಯುತ್ತಿತ್ತು.

"ಇದು ನೋಡ್ರಿ. ಜೋಡನಳಗಿ. ಹನ್ನೆರಡ ಬೋರು."

"ಹನ್ನೆರಡಾ!" ಅಂದಾನಪ್ಪ ಹೌಹಾರಿದ. "ನಮ್ಮೂರಿಗೆಲ್ಲಾ ಸೇರಿ ಎರಡ ಬೋರ ಅದಾವ್ರಿ, ಅದ್ರಾಗ ಒಂದಕ್ಕ ನೀರ ಬಿದ್ದಿಲ್ಲ. ಇಷ್ಟರಾಗ ಹನ್ನೆರಡ ಹ್ಯಾಂಗ ಕೂಡ್ರಿಸಿದ್ರಿ?"

"ಬೋರ ಅಂದ್ರ ನಳಗಿ ಅಳತಿ ಮಾರಾಯ್ರ, ನೀರಿಂದಲ್ಲ."

"ಹಂಗಾರ ಒಂದ ಬೋರಿಂದು ಕೊಡ್ರಿ. ಸೋವಿ ಬೀಳತೈತಿ."

"ಅಂಕಿ ಇಳದಂಗ ನಳಗಿ ದಪ್ಪ ಆಗತೈತ್ರಿ. ಒಂದ ಬೋರ ಅಂದ್ರ ತೋಪು. ಬಿಜಾಪುರ ಕ್ವಾಟಿ ಮ್ಯಾಲ ಹೋಗಿ ಕೇಳ್ರಿ."

ಹೊಳೆಯುವುದಕ್ಕೆ ಎರಡು ಸಾವಿರದ ಎಂಟು ನೂರು. ಅಂದಾನಪ್ಪ ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಮರಳಿಸಿದ. ಎರಡನೆಯದು ಒಂಟಿ ನಳಿಗೆಯದು, ಒಂಬೈನೂರು. ನಡುವೆ ಮಡಚಿ ತೋಟಾ ತುಂಬಬೇಕು. "ಇದು ಮುರದೈತಲ್ರಿ, ಮುರದಿದ್ದಕ್ಕ ಒಂಬೈನೂರು?" ಎಂದು ಅಂದಾನಪ್ಪ ಚೌಕಾಸಿಗೆ ಕುಳಿತ. ಅದು ಮುರಿದದ್ದಲ್ಲ, ಅದರ ಗುಣವೇ ಹಾಗೆ ಎಂದು ತಿಳಿಸುವುದರಲ್ಲಿ ಸಾಬನಿಗೆ ಒಂದು ಸ್ಟೋವ್ ರಿಪೇರಿಯಷ್ಟು ಹೊತ್ತು ಹಿಡಿಯಿತು. ಮೂರನೆಯದು ಬಾಯಿಯಿಂದ ಮದ್ದು ಗಿಡಿಯುವ ಹಳೆಯ ಕಾಲದ್ದು, ತಂತಿಯಿಂದ ನಾಲ್ಕು ಕಡೆ ಬಿಗಿದದ್ದು, ನಾಲ್ಕು ನೂರು.

"ಇದು ಹಾರತೈತೇನ್ರಿ?"

"ಹಾರತೈತಿ. ಯಾವ ಕಡೆಗೆ ಅಂತ ಮಾತ್ರ ನಾ ಹೇಳಾಂಗಿಲ್ಲ."

"ಕಂತಿನ ಮ್ಯಾಲ ಕೊಡೂದಿಲ್ರ್ಯಾ? ಈಗ ಕಟಗಿ ಬುಡ ಅಷ್ಟ ಒಯ್ತೇನಿ, ನಳಗಿ ಮುಂದಿನ ಸುಗ್ಗಿಗೆ."

"ಎಲ್ಲಾ ಕೊಡ್ತೇನಿ. ಮೊದಲ ಲೈಸೆನ್ಸ್ ತಗೀರಿ."

"ಯಾವ ಲೈಸೆನ್ಸು?"

"ಬಂದೂಕಿಂದು."

ಅಂದಾನಪ್ಪ ಮುನ್ನೂರ ಹತ್ತು ರೂಪಾಯಿ ನೆನೆಸಿಕೊಂಡ. "ಅದೆಷ್ಟ್ರಿ? ಅದೂ ನಿಮ್ಮ ಕಡೆ ಸಿಗತೈತೇನು?"

ಇಬ್ರಾಹಿಂಸಾಬ ತೆಗೆದ ಬಂದೂಕುಗಳನ್ನು ಒಂದೊಂದಾಗಿ ಗೋಡೆಗೆ ಏರಿಸಿದ. ಆಮೇಲೆ ಚಹಾ ತರಿಸಿದ, ಎಲ್ಲ ಸಂಗತಿ ಹೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನಿಗೆ ಕೆಮ್ಮು ಬಂತು. ಬಂದದ್ದು ನಗೆ, ಆದರೆ ಗಿರಾಕಿಯ ಮುಂದೆ ಅದನ್ನು ಕೆಮ್ಮು ಅನ್ನಬೇಕು.

"ನಿಮ್ಮ ರೊಕ್ಕಕ್ಕ, ನಿಮ್ಮ ಲೈಸೆನ್ಸಿಗೆ ಸರಿಹೋಗೂ ಬಂದೂಕ ಅಂದ್ರ ನಿಮ್ಮ ಮನ್ಯಾಗಿಂದ ಐತಿ ನೋಡ್ರಿ. ಮನೀಗೆ ಹೋಗಿ ಖರೆ ಹೇಳಿಬಿಡ್ರಿ."

ಅಂದಾನಪ್ಪ ಮೊದಲ ವಾಕ್ಯ ಕೇಳಿದ, ಎರಡನೆಯದು ಕೇಳಲಿಲ್ಲ. ಮೂಲೆಯಲ್ಲಿ ಮುರುಕು ಬಂದೂಕಿನ ಕಟ್ಟಿಗೆಯ ಬುಡವೊಂದು ಬಿದ್ದಿತ್ತು. ಒಲೆಗೆ ಹಾಕುವ ಕಟ್ಟಿಗೆಗೆ ಲೈಸೆನ್ಸು ಬೇಕಿಲ್ಲ ಎಂದು ಸಾಬನಿಂದ ಎರಡು ಸಲ ಹೇಳಿಸಿಕೊಂಡು, ಹನ್ನೆರಡು ರೂಪಾಯಿಗೆ ಅದನ್ನು ಕೊಂಡ.

ಮನೆಗೆ ಬಂದವನೇ ಪಿಚಕಾರಿಯ ಒತ್ತುವ ಸರಳಿನ ಹಿಡಿಕೆಗೆ ಆ ಬುಡವನ್ನು ತಂತಿಯಿಂದ ಬಿಗಿದ. ಖಾಕಿ ಬಟ್ಟೆ ಸುತ್ತಿ ಹೊಲಿದ. ಹೊರಗಿನಿಂದ ನೋಡಿದರೆ ಬಾದಾಮಿಯ ಎರಡು ಸಾವಿರದ ಎಂಟು ನೂರರ ಬಂದೂಕು ನಾಚಬೇಕು. ಅದನ್ನು ಹೆಗಲ ಮೇಲಿಟ್ಟುಕೊಂಡು, ಹತ್ತಿರದ ಹಾದಿ ಬಿಟ್ಟು ಇಡೀ ಊರು ಸುತ್ತಿ ಠಾಣೆಗೆ ಹೋದ. ಅಮಸಿದ್ದಪ್ಪ ದಾರಿ ಬಿಟ್ಟು ನಿಂತ. ಅವನ ಟಗರೂ ನಿಂತಿತು.

ಠಾಣೆಯಲ್ಲಿ ಹವಾಲ್ದಾರ ಹನಮಂತಪ್ಪ ಕುಳಿತಿದ್ದರು. ಅವರ ಆಕಳು ವರ್ಷಕ್ಕೆ ಮೂರು ಸಲ ಕೊಂಡವಾಡ ಸೇರಿ, ಮೂರು ಸಲವೂ ದಂಡವಿಲ್ಲದೆ ಮನೆಗೆ ಬರುತ್ತಿತ್ತು. ಹೀಗಾಗಿ ಅವರು ಲೈಸೆನ್ಸು ಕೇಳಲಿಲ್ಲ.

"ಏ, ಊರಿಗೆಲ್ಲ ಗೊತ್ತಿರೂ ಬಂದೂಕಿಗೆ ಏನ ಕಾಗದ ನೋಡ್ಲಿ? ಇಡ್ರಿ ಅಂದಾನಪ್ಪ ಅಲ್ಲಿ, ಗ್ವಾಡಿಗಿ."

ರಜಿಸ್ಟರಿನಲ್ಲಿ ಕಟ್ಟಕಡೆಯ ಸಾಲಾಗಿ ಬರೆದರು: ಜೋಡುನಳಿಗೆ ಬಂದೂಕು ಒಂದು, ಹಳೆಯದು, ಸುಸ್ಥಿತಿಯಲ್ಲಿದೆ. ಖಾಕಿ ಬಟ್ಟೆಯ ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿ ರಸೀದಿ ಹರಿದು ಕೊಟ್ಟರು. ಸರಕಾರದ ಮೊಹರು ಒಂದು ಅಂಗುಲ ಹೊರಗೆ ಕಾಣುವಂತೆ ಅಂದಾನಪ್ಪ ಆ ರಸೀದಿಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಾಲ್ಕು ದಿನ ಅದೇ ಅಂಗಿ ತೊಟ್ಟ.

ಐದನೆಯ ದಿನ ಫೌಜದಾರರು ಬಾಗಲಕೋಟೆಗೆ ಯಾದಿ ಕಳಿಸಲು ಕುಳಿತರು. ಠಾಣೆಯ ಹದ್ದಿನಲ್ಲಿ ಲೈಸೆನ್ಸು ಇಪ್ಪತ್ತಮೂರು. ಗೋಡೆಗೆ ಆನಿಸಿದ ಬಂದೂಕು ಇಪ್ಪತ್ತನಾಲ್ಕು. ಬಾಗಿಲ ಕಡೆಯಿಂದ ಎಣಿಸಿದರು, ಇಪ್ಪತ್ತನಾಲ್ಕು. ಕಿಟಕಿಯ ಕಡೆಯಿಂದ ಎಣಿಸಿದರು, ಇಪ್ಪತ್ತನಾಲ್ಕೇ.

"ಹನಮಂತಪ್ಪ, ರಾತ್ರಿ ಯಾವುದರೆ ಬಂದೂಕು ಮರಿ ಹಾಕೇತೇನು?"

ಅಂದಾನಪ್ಪನಿಗೆ ಕರೆ ಬಂತು. ಬಂದದ್ದು ಎಂಥ ಹೊತ್ತಿನಲ್ಲಿ ಎಂದರೆ, ಈರಪ್ಪ ಮಗನನ್ನು ಕರೆದುಕೊಂಡು, ನಿಶ್ಚಯದ ಸೀರೆ ಹಿಡಿದು, ಆಗಷ್ಟೇ ಬಸ್ಸಿಳಿದು ಪಡಸಾಲೆಯಲ್ಲಿ ಕುಳಿತಿದ್ದ. ಪೊಲೀಸು ಬಾಗಿಲಿಗೆ ಬಂದರೆ ಬೇರೆ ಬೀಗರು ಚಪ್ಪಲಿ ಹುಡುಕುತ್ತಿದ್ದರು. ಈರಪ್ಪ ರುಮಾಲು ಸರಿಮಾಡಿಕೊಂಡ.

"ನಡೀರಿ, ನಾವೂ ಬರ್ತೇವಿ. ಬಂದೂಕಿನ ಮನಿತನ ಅಂದಮ್ಯಾಲ ಠಾಣೆ, ಕಚೇರಿ ಇದ್ದದ್ದ."

ಮುದ್ರೆ ಒಡೆಯಬೇಕಾದರೆ ಪಂಚನಾಮೆ ಆಗಬೇಕು, ಅದಕ್ಕೆ ಇಬ್ಬರು ಪಂಚರು ಬೇಕು. ಒಬ್ಬ ಈರಪ್ಪ. ಇನ್ನೊಬ್ಬ, ಸುದ್ದಿ ಕೇಳಿ ಓಡಿಬಂದು ಊರ ಜನರ ನಡುವೆ ಕಿಟಕಿ ಹಿಡಿದು ನಿಂತಿದ್ದ ಅಮಸಿದ್ದಪ್ಪ; ಅವನನ್ನು ಒಳಗೆ ಕರೆದರು. ಫೌಜದಾರರು ಕೇಳಿದರು: "ಲೈಸೆನ್ಸ್ ಎಲ್ಲಿ? ಇಲ್ಲಾಂದ್ರ ಮೂರ ವರ್ಷ ಸಜಾ."

ಅಂದಾನಪ್ಪ ಬೀಗರನ್ನು ನೋಡಿದ, ಲಾಕಪ್ಪಿನ ಸರಳು ನೋಡಿದ. ಸರಳು ಹತ್ತಿರ ಇದ್ದವು.

"ಸಾಹೇಬ್ರ, ಅದು ಬಂದೂಕಲ್ರಿ. ಪಿಚಕಾರಿ."

ಇಡೀ ಠಾಣೆ ನಕ್ಕಿತು.

"ಕಳ್ಳಭಟ್ಟಿ ಹಿಡದಾಗ ಎಲ್ಲಾರೂ ಕಷಾಯ ಅಂತಾನ ಹೇಳತಾರ," ಎಂದರು ಫೌಜದಾರರು.

"ರಜಿಸ್ಟರಿನ್ಯಾಗ ಬಂದೂಕ ಅಂತೈತ್ರಿ ಸಾಹೇಬ್ರ. ಸುಸ್ಥಿತಿ ಅಂತನೂ ಐತಿ," ಎಂದರು ಹನಮಂತಪ್ಪ.

ಅಮಸಿದ್ದಪ್ಪನಿಗೆ ಸಿಟ್ಟು ಬಂತು. "ಪಿಚಕಾರಿ ಅಂತ ಪಿಚಕಾರಿ! ಹಂಗಾರ ನಾ ಪಿಚಕಾರಿಗೆ ಅಂಜಿ ದಂಡ ಕಟ್ಟಿದೆನೇನೋ ಅಂದಾನ್ಯಾ?"

ಈರಪ್ಪ ಮಾತ್ರ ಬೀಗರ ಕಿವಿಯ ಬಳಿ ಬಾಗಿ ಮೆಚ್ಚಿಕೊಂಡ: "ಛಲೋ ತಗದ್ರಿ ತಂತ್ರಾ. ಹಿಂಗ ಹಿಡದ ಸಾಧಸ್ರಿ, ಬಿಡಬ್ಯಾಡ್ರಿ."

ಜೀವಮಾನದಲ್ಲಿ ಮೊದಲ ಸಲ ಅಂದಾನಪ್ಪ ನೆಟ್ಟಗೆ ನಿಜ ಹೇಳಿದ್ದ, ನಂಬುವವರು ಒಬ್ಬರೂ ಇರಲಿಲ್ಲ. ಬಟ್ಟೆ ಬಿಚ್ಚಿದರು. ಒಳಗಿನಿಂದ ಮೊದಲು ಹೊರಬಂದದ್ದು ಬಾದಾಮಿಯ ಕಟ್ಟಿಗೆಯ ಬುಡ.

"ಪಿಚಕಾರಿಗೆ ಇದ್ಯಾಕ?" ಎಂದರು ಫೌಜದಾರರು.

ಹನ್ನೆರಡು ರೂಪಾಯಿ ಕೊಟ್ಟು ತನ್ನ ಮೇಲೆ ತಾನೇ ಸಾಕ್ಷಿ ತಂದುಕೊಂಡ ಅಂದಾನಪ್ಪ, "ಒಂದ ಬಕೀಟ ನೀರ ತರಸ್ರಿ," ಎಂದು ಅರಚಿದ. "ಇಲ್ಲೇ ಹಾರಿಸಿ ತೋರಸ್ತೇನಿ!"

ಹಾರಿಸುತ್ತೇನೆ ಎಂಬ ಮಾತು ಬಿದ್ದದ್ದೇ ತಡ, ಕಿಟಕಿಯಲ್ಲಿದ್ದ ಜನ ಮಾಯವಾದರು. ಈರಪ್ಪ ಗೋಡೆಗೆ ಅಂಟಿದ. ಹವಾಲ್ದಾರರು ರಜಿಸ್ಟರನ್ನು ಎದೆಗೆ ಅಡ್ಡ ಹಿಡಿದರು. ಆದರೆ ವರ ಇದ್ದನಲ್ಲ, ಇಳಕಲ್ಲಿನ ಆ ಸುಂದರ ತರುಣ, ಅವನು ಮಾತ್ರ ರೆಪ್ಪೆ ಬಡಿಯದೆ ಹೆಬ್ಬಂಡೆಯ ಹಾಗೆ ನಿಂತಿದ್ದ. ಫೌಜದಾರರೂ ಧೈರ್ಯವಂತರು, ಮೇಜು ಬಿಟ್ಟು ಕದಲಲಿಲ್ಲ.

ಅಂದಾನಪ್ಪ ಮೂತಿಯನ್ನು ಬಕೀಟಿನಲ್ಲಿ ಅದ್ದಿ ಬುಡ ಹಿಡಿದು ಜಗ್ಗಿದ. ಪಿಚಕಾರಿ ಗಟಗಟ ನೀರು ಕುಡಿಯಿತು. ಗೋಡೆಗೆ ಗುರಿಯಿಟ್ಟು ಒತ್ತಿದ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದ. ಇಲ್ಲ. ಬುಡವನ್ನು ಹೊಟ್ಟೆಗೆ ಆನಿಸಿಕೊಂಡು, ಮಗಳ ಲಗ್ನವನ್ನು ನೆನೆದು, ಮೈಯೆಲ್ಲ ಭಾರ ಹಾಕಿದ.

ನಲವತ್ತು ವರ್ಷ ಒಳಗೆ ಹೆಪ್ಪುಗಟ್ಟಿ ಕುಳಿತಿದ್ದ ಅಜ್ಜನ ಕಾಲದ ಹೋಳಿಯ ಬಣ್ಣ ಎರಡೂ ನಳಿಗೆಯಿಂದ ಒಮ್ಮೆಲೇ ಹೊರಬಂತು. ಈರಪ್ಪನ ಧೋತರ, ಕೋಟು, ರುಮಾಲು ಕೆಂಪಾದವು. ಅಮಸಿದ್ದಪ್ಪನ ಕಂಬಳಿ, ಅಂದಾನಪ್ಪನದೇ ಅಂಗಿ ಕೆಂಪಾದವು. ಹವಾಲ್ದಾರರ ಎದೆಯ ಮೇಲಿನ ರಜಿಸ್ಟರು ತೆರೆದೇ ಇತ್ತು. ಅದರ ಕಡೆಯ ಸಾಲು ತೊಳೆದುಹೋಗಿ ನೆಲಕ್ಕೆ ತೊಟ್ಟಿಕ್ಕಿತು. ಇಪ್ಪತ್ತನಾಲ್ಕನೆಯ ಬಂದೂಕು ತನ್ನ ಹೆಸರನ್ನು ತಾನೇ ಹೊಡೆದುಹಾಕಿತ್ತು. ಫೌಜದಾರರ ಮೇಲೆ ಒಂದು ಹನಿಯೂ ಬೀಳಲಿಲ್ಲ, ವರನ ಬಿಳಿ ಅಂಗಿಯ ಮೇಲೂ ಬೀಳಲಿಲ್ಲ. ಧೈರ್ಯವಂತರನ್ನು ಬಣ್ಣವೂ ಮುಟ್ಟುವುದಿಲ್ಲ.

ಫೌಜದಾರರು ರಜಿಸ್ಟರು ನೋಡಿದರು. ಸಾಲು ಎಣಿಸಿದರು. ಇಪ್ಪತ್ತಮೂರು. ಅವರ ಮುಖದಲ್ಲಿ ಐದು ದಿನದ ಮೇಲೆ ಕಳೆ ಬಂತು.

ಈರಪ್ಪ ಮಾತ್ರ ಮೂಗಿನಿಂದ ಇಳಿಯುವ ಬಣ್ಣ ಒರೆಸುತ್ತ ಮುಂದೆ ಬಂದ. "ಏನ್ರೀ ಅಂದಾನಪ್ಪ," ಎಂದ. ಬೀಗರ ಎಂಬ ಶಬ್ದ ಬಿಟ್ಟುಹೋಗಿತ್ತು. "ಪಿಚಕಾರಿ ತೋರಿಸಿ ನಮ್ಮ ಹುಡುಗನ್ನ ತಗೊಳ್ಳಾವ್ರೇನು? ಈ ಸಂಬಂಧ ಇಲ್ಲಿಗೆ..."

"ಏ, ಜಗಳ ಹೊರಗ," ಎಂದು ಫೌಜದಾರರು ಲೇಖಣಿ ಎತ್ತಿದರು. "ಮೊದಲ ಪಂಚನಾಮೆ ಮುಗೀಲಿ. ಪಂಚರ ಹೆಸರು ಈರಪ್ಪ. ಉದ್ಯೋಗ?"

"ನೇಯ್ಗಿರಿ. ಇಳಕಲ್ಲ."

"ಮಗ್ಗ ಎಷ್ಟು?"

"ನಲವ..."

"ನೋಡ್ರಿ, ಇದು ಸರಕಾರಿ ಕಾಗದ. ಸುಳ್ಳ ಬರಸಿದ್ರ ಒಳಗ ಹಾಕಬೇಕಾಗತೈತಿ."

ಈರಪ್ಪನೂ ಲಾಕಪ್ಪಿನ ಸರಳು ನೋಡಿದ.

"ನಾಕ್ರಿ," ಎಂದ ಈರಪ್ಪ. ಮೂಗಿನ ಬಣ್ಣ ಇನ್ನೊಮ್ಮೆ ಒರೆಸಿ, "ಅದ್ರಾಗ ಒಂದು ಕೆಟ್ಟ ಕುಂತೈತಿ," ಎಂದ.

ಅಂದಾನಪ್ಪ ಹೆಗಲ ಮೇಲಿನ ಟವೆಲು ತೆಗೆದು ಈರಪ್ಪನ ಕೈಗೆ ಕೊಟ್ಟ. ಈರಪ್ಪ ಮುಖ ಒರೆಸಿಕೊಂಡ. ಹೊರಗೆ ಬಂದು ಬೇವಿನ ಮರದ ಕೆಳಗೆ ಇಬ್ಬರೂ ಕೆಂಪಗೆ ನಿಂತಾಗ ಅಂದಾನಪ್ಪ ಕೇಳಿದ: "ಮೆರವಣಿಗ್ಯಾಗ ಎರಡ ಸಲ ಹಾರಸ್ಲೇನ್ರಿ ಮತ್ತ?"

"ಹಾರಸ್ರಿ ಬೀಗರ," ಎಂದ ಈರಪ್ಪ. "ಬಣ್ಣ ಬ್ಯಾಡ, ಬರೇ ನೀರ ಹಾಕ್ರಿ."

ಲಗ್ನವಾಯಿತು. ಕಥೆ ಇಲ್ಲಿಗೇ ಮುಗಿಯಬೇಕಿತ್ತು, ಹೆಬ್ಬಂಡೆಯಂಥ ವರನ ಧೈರ್ಯದ ಬಗ್ಗೆ ಇನ್ನೊಂದು ಪುಟ ಸೇರಿಸಿ. ಆದರೆ ಬರೆದ ಹಾಳೆಗಳನ್ನು ಅಂದಾನಪ್ಪನ ಮಗಳು ಗುರುಲಿಂಗವ್ವ ಹಿಂದೆ ನಿಂತು ಓದಿಬಿಟ್ಟಿದ್ದಾಳೆ. ಅವಳ ಕೈಯಲ್ಲಿ ಲಟ್ಟಣಿಗೆ ಇದೆ.

"ಹೊಳಿ ನಿಂತಿತ್ತೇನ್ರಿ?"

ನಿಂತಿರಲಿಲ್ಲ. ಮಂಗಗಳೂ ಬೀಳಲಿಲ್ಲ. ಸೆರಗು ಬಿಳಿಚಿದ ಸೀರೆ, ನಾವೇ ಬಣ್ಣ ಕೆಡಿಸಿಕೊಂಡದ್ದು. ಸಪ್ಪಳ ಆದದ್ದು 'ಪಿಚಕ್' ಎಂದು ಅಷ್ಟೇ.

"ಎಲ್ಲಾರೂ ಕೆಂಪಗಾದ್ರು, ನಿಮ್ಮ ಅಂಗಿ ಒಂದ ಹ್ಯಾಂಗ ಬೆಳ್ಳಗ ಉಳೀತು? ನಮ್ಮಪ್ಪ ಎಲ್ಲಾ ಹೇಳ್ಯಾನ ನನಗ."

ಆ ಇಳಕಲ್ಲಿನ ಸುಂದರ ತರುಣ ನಾನೇ. ಹಾರಿಸುತ್ತೇನೆ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಫೌಜದಾರರ ಮೇಜಿನ ಕೆಳಗೆ ಇದ್ದೆ. ಒಪ್ಪಿಕೊಂಡಿದ್ದೇನೆ. ಆದರೆ ಒಬ್ಬನೇ ಇರಲಿಲ್ಲ; ಸರಿದು ಜಾಗ ಕೊಟ್ಟವರು ಫೌಜದಾರರು.